ಇಪ್ಪತ್ತಮೂರನೆಯ ಟೈರು

ಗಾಡಿಯ ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಕೀಲಿ ಅವನ ಅಂಗಿಯ ಜೇಬಿನಲ್ಲಿತ್ತು. ಠಾಣೆಯ ಅಂಗಳದಲ್ಲಿ ಪೇದೆಯೊಬ್ಬರು ಅದನ್ನು ನನ್ನೆದುರಿಗೇ ಸ್ಟ್ಯಾಂಡ್ ಹಾಕಿ ಒದ್ದರು. ಎರಡನೆಯ ಒದೆತಕ್ಕೆ ಎಂಜಿನ್ ಶುರುವಾಯಿತು. ಆಮೇಲೆ ಆಫ್ ಮಾಡಿ, ಕೀಲಿಯನ್ನು ನನ್ನ ಕೈಯಲ್ಲಿಟ್ಟು, "ಇಷ್ಟು ಚೆನ್ನಾಗಿರೋ ಗಾಡೀನ ಯಾಕೆ ಸಾರ್ ತಳ್ಕೊಂಡು ಬಂದ್ರು ಇವ್ರು? ಅದೂ ಆ ದಿಬ್ಬದ ಮೇಲೆ?" ಎಂದು ಕೇಳಿದರು.

ಅದೇ ಪ್ರಶ್ನೆಯನ್ನು ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು, ಅವನ ಎದುರಂಗಡಿಯ ಕ್ಷೌರಿಕ ಕೇಳಿದ, ದಿನವೂ ಅವನ ಹತ್ತಿರ ಗಾಳಿ ಹಿಡಿಸಿಕೊಳ್ಳುತ್ತಿದ್ದ ಅಂಚೆಯವನು ಕೇಳಿದ. ಎದೆನೋವಿದ್ದ ಮನುಷ್ಯ, ತುಂಬಿದ ಬಕೆಟ್ಟನ್ನೂ ಎತ್ತಬೇಡ ಎಂದು ಹೇಳಿಸಿಕೊಂಡಿದ್ದವನು, ಓಡುವ ಗಾಡಿಯನ್ನು ನಾಲ್ಕು ಕಿಲೋಮೀಟರು ತಳ್ಳಿಕೊಂಡು ಬಂದು, ರಸ್ತೆ ಬದಿಯಲ್ಲಿ ಅದನ್ನು ಸರಿಯಾಗಿ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಮೋರಿಯ ಕಟ್ಟೆಯ ಮೇಲೆ ಕೂತು ಸತ್ತುಹೋಗಿದ್ದ. ಅವನಿಗೆ ತಲೆ ಕೆಟ್ಟಿತ್ತು ಎಂದು ಕೆಲವರು ತೀರ್ಮಾನಿಸಿಕೊಂಡಿದ್ದಾರೆ. ಕೆಟ್ಟಿರಲಿಲ್ಲ. ಅದು ಗೊತ್ತಿರುವವರು ಮೂರೇ ಜನ. ಉಳಿದಿಬ್ಬರು ಬರೆಯುವವರಲ್ಲ. ಅದಕ್ಕೆ ನಾನು ಬರೆಯುತ್ತಿದ್ದೇನೆ.

ಅವನನ್ನು ಎಲ್ಲರೂ ಗೆರೆ ಮೇಷ್ಟ್ರು ಎನ್ನುತ್ತಿದ್ದರು. ಏಳನೇ ತರಗತಿ ದಾಟದವನಿಗೆ ಮೇಷ್ಟ್ರು ಎಂಬ ಹೆಸರು ಹೇಗೆ ಬಂತು ಎಂಬುದಕ್ಕೆ ಆಮೇಲೆ ಬರುತ್ತೇನೆ. ಮೂರು ಬೀದಿಗಳು ಕೂಡುವಲ್ಲಿ ಅವನ ಟೈರಿನ ಅಂಗಡಿ. ಒಂದೇ ಷಟರು, ಎದುರಿಗೆ ಟ್ಯೂಬು ಮುಳುಗಿಸಿ ನೋಡುವ ನೀರಿನ ತೊಟ್ಟಿ, ಗೋಡೆಯುದ್ದಕ್ಕೂ ಮೊಳೆಗೆ ನೇತುಹಾಕಿದ ಟೈರುಗಳು. ಹಿಂದೊಂದು ಕೋಣೆ. ಅದರಲ್ಲಿ ಮಂಚ, ಸ್ಟೌವು, ಹೆಂಡತಿಯ ಫೋಟೋ. ಮದುವೆಯಾಗಿ ಮೂರನೆಯ ವರ್ಷಕ್ಕೇ ಆಕೆ ತೀರಿಕೊಂಡಿದ್ದಳು. ಮತ್ತೆ ಮದುವೆಯ ಮಾತೆತ್ತಿದವರಿಗೆ, "ರಬ್ಬರ್ ವಾಸನೆ ತಡ್ಕೊಳ್ಳೋ ಹೆಣ್ಣು ಒಬ್ಬಳೇ ಇದ್ದಿದ್ದು" ಎಂದು ಹೇಳಿ ಬಾಯಿ ಮುಚ್ಚಿಸುತ್ತಿದ್ದ. ರಾತ್ರಿ ಊಟಕ್ಕೆ ಎರಡು ಬೀದಿ ಆಚೆ ತಂಗಿಯ ಮನೆ.

ನಾನು ಹತ್ತಿರದ ಮುದ್ರಣಾಲಯದಲ್ಲಿ ಕರಡು ತಿದ್ದುವವನು. ಮೂವತ್ತೊಂದು ವರ್ಷದ ಹಿಂದೆ ನನ್ನ ಹಳೆಯ ಬೈಕು ತಿರುವಿನಲ್ಲಿ ಮಾತು ಕೇಳದ ಹಾಗೆ ಆಡತೊಡಗಿದಾಗ, ಹ್ಯಾಂಡಲ್ ಕೆಟ್ಟಿದೆ ಎಂದುಕೊಂಡು ಅವನ ಅಂಗಡಿಯ ಮುಂದೆ ನಿಲ್ಲಿಸಿ ಮೆಕ್ಯಾನಿಕ್ ಎಲ್ಲಿ ಎಂದು ಕೇಳಿದ್ದೆ. ಅವನು ಎದ್ದು ಬಂದು ಮುಂದಿನ ಟೈರನ್ನು ಹೆಬ್ಬೆರಳಿನಿಂದ ಒತ್ತಿದ.

"ಹ್ಯಾಂಡಲ್‌ಗೇನೂ ಆಗಿಲ್ಲ. ಇದು ಹಸ್ಕೊಂಡಿದೆ. ಎಷ್ಟು ದಿನ ಆಯ್ತು ಗಾಳಿ ಹಿಡಿಸಿ?"

ನೆನಪಿಲ್ಲ ಎಂದೆ.

"ನೀವು ಮಾತ್ರ ಮೂರು ಹೊತ್ತು ತಿಂತೀರಿ" ಎಂದ.

ಅಂದು ಅವನು ಹೇಳಿಕೊಟ್ಟಿದ್ದನ್ನು ನಾನು ಓದಿದ ಯಾವ ಪುಸ್ತಕವೂ ಅಷ್ಟು ಚೆನ್ನಾಗಿ ಹೇಳಿಲ್ಲ. ಗಾಳಿ ಕಡಿಮೆಯಾದರೆ ಟೈರಿನ ಪಕ್ಕೆಗಳು ಕುಸಿಯುತ್ತವೆ, ಹ್ಯಾಂಡಲ್ ಭಾರವಾಗುತ್ತದೆ, ತಿರುಗಿಸಿದರೆ ಗಾಡಿ ತಡವಾಗಿ, ಬೇಸರದಿಂದ ತಿರುಗುತ್ತದೆ. ಹೆಚ್ಚಾದರೆ ಟೈರು ಬಿಗಿದುಕೊಂಡು ಬೆನ್ನಿನ ನಡುಭಾಗದ ಮೇಲಷ್ಟೇ ನಿಲ್ಲುತ್ತದೆ. ಸಣ್ಣ ಕಲ್ಲಿಗೂ ಪುಟಿಯುತ್ತದೆ, ಒದ್ದೆ ರಸ್ತೆಯಲ್ಲಿ ಹಿಡಿತ ಬಿಡುತ್ತದೆ. ಸವೆದ ಟೈರಿನದು ಇನ್ನೊಂದು ಕಥೆ. ನೇರ ರಸ್ತೆಯಲ್ಲೇ ಓಡಿ ಓಡಿ ಅದರ ಬೆನ್ನು ಚಪ್ಪಟೆಯಾಗಿರುತ್ತದೆ. "ತಿರುವಲ್ಲಿ ಗಾಡಿ ಬಗ್ಗಿಸಿದ್ರೆ ಮೊದ್ಲು ಬಗ್ಗಲ್ಲ ಅನ್ನುತ್ತೆ. ಚಪ್ಪಟೆ ಅಂಚು ದಾಟಿದ ತಕ್ಷಣ ಒಂದೇ ಸಲಕ್ಕೆ ವಾಲುತ್ತೆ, ಕತ್ತಲಲ್ಲಿ ಮೆಟ್ಲು ತಪ್ಪಿದ ಹಾಗೆ." ಆಮೇಲೆ ನನ್ನ ಕೈ ಹಿಡಿದು ಅಂಗೈಯನ್ನು ಮೇಲೆ ಮಾಡಿದ. "ಟೈರು ರಸ್ತೆ ಮುಟ್ಟೋದು ಇಷ್ಟೇ ಜಾಗದಲ್ಲಿ. ನೀವು, ಗಾಡಿ, ಹಿಂದೆ ಕೂತಿರೋ ಮನೆಯವ್ರು, ಎಲ್ಲಾ ಇರೋದು ಈ ಅಂಗೈ ಮೇಲೆ."

ಇದನ್ನೆಲ್ಲ ಬಲ್ಲವನೇ ಆ ಕೆಲಸ ಮಾಡಿದ್ದು. ಅದನ್ನು ಮುಚ್ಚಿಟ್ಟು ಅವನನ್ನು ಒಳ್ಳೆಯವನೆಂದು ಬರೆದರೆ ಅವನೇ ಸಹಿಸುತ್ತಿರಲಿಲ್ಲ.

ವರ್ಷಕ್ಕೊಮ್ಮೆ ಗಾಡಿಗಳ ತಪಾಸಣೆ ಇರುತ್ತದೆ. ಟೈರಿನ ಗೆರೆಯೊಳಗೆ ಸಣ್ಣ ಕಡ್ಡಿಯಿಟ್ಟು ಆಳ ನೋಡುತ್ತಾರೆ; ಆಳ ಇಲ್ಲದಿದ್ದರೆ ಗಾಡಿ ಓಡಿಸುವಂತಿಲ್ಲ. ಹೊಸ ಟೈರು ಕೊಳ್ಳಲಾಗದವರು ಅವನ ಮುಂದೆ ಬಂದು ಗೋಳಾಡುತ್ತಿದ್ದರು. ಮೊದಮೊದಲು ಬೈದು ಕಳಿಸುತ್ತಿದ್ದ. ಒಂದು ದಿನ ಒಬ್ಬ ಮುದುಕ ಅಂಗಡಿಯ ಮುಂದೆ ಕೂತು ಏಳಲಿಲ್ಲ. ಅವನಿಗಾಗಿ ಮೇಷ್ಟ್ರು ಬ್ಲೇಡೊಂದನ್ನು ಬಾಗಿಸಿ, ಕಬ್ಬಿಣದ ಹಿಡಿಗೆ ಕಟ್ಟಿ, ಸ್ಟೌವಿನ ಮೇಲೆ ಕಾಯಿಸಿ, ನುಣ್ಣಗಾದ ಟೈರಿನ ಮೇಲೆ ಹೊಸ ಗೆರೆ ಕೊಯ್ದ. ಮೊದಲೇ ತೆಳ್ಳಗಾದ ರಬ್ಬರು, ಅದರಲ್ಲೂ ಗೆರೆ. ಕೆಲವು ಕಡೆ ರಬ್ಬರಿನೊಳಗೆ ಹೆಣೆದ ನೂಲಿಗೆ ಕೂದಲೆಳೆಯಷ್ಟು ಮಾತ್ರ ಬಾಕಿ. ಆದರೆ ನೋಡಲು ಎಷ್ಟು ಚಂದವಿತ್ತೆಂದರೆ, ಕಾರ್ಖಾನೆಯಿಂದ ಬಂದ ಟೈರಿನ ಪಕ್ಕದಲ್ಲಿಟ್ಟರೆ ಕಾರ್ಖಾನೆಯದೇ ಡೊಂಕು ಅನ್ನಿಸುತ್ತಿತ್ತು. ಡ್ರಾಯಿಂಗ್ ಮೇಷ್ಟ್ರ ಕೈ ಎಂದು ಜನ ಹೊಗಳಿದರು. ಹೆಸರು ಬಂದದ್ದು ಹಾಗೆ. ಹೊಗಳಿಕೆಯಲ್ಲಿ ನನ್ನ ಪಾಲೂ ಇದೆ.

ಪ್ರತಿ ಗೆರೆಯ ಕೊನೆಯಲ್ಲಿ ಬ್ಲೇಡನ್ನು ಎತ್ತುವಾಗ ಅವನ ಮಣಿಕಟ್ಟು ತುಸು ತಿರುಗುತ್ತಿತ್ತು. ಅಲ್ಲಿ ಭತ್ತದ ಕಾಳಿನಷ್ಟು ಚಿಕ್ಕ ಕೊಕ್ಕೆ ಉಳಿಯುತ್ತಿತ್ತು. ಬೇರೆ ಯಾರ ಕೆಲಸದಲ್ಲೂ ಅದು ಇರಲಿಲ್ಲ.

ಇನ್ನೊಂದು ಉಪಾಯವನ್ನೂ ಅವನೇ ಕಂಡುಹಿಡಿದ. ಕೊಯ್ದ ಟೈರಿಗೆ ಗಾಳಿ ಹೆಚ್ಚು ತುಂಬಿದರೆ ರಬ್ಬರು ಬಿಗಿದು ಗೆರೆಗಳು ಬಾಯಿ ಬಿಡುತ್ತವೆ, ಆಳ ಹೆಚ್ಚಾಗಿ ಕಾಣುತ್ತದೆ. ಗಾಳಿಯ ಮೀಟರಿನಲ್ಲಿ ಇಪ್ಪತ್ತೆಂಟು ಇರಬೇಕಾದಲ್ಲಿ ನಲವತ್ತೆರಡು ತುಂಬುತ್ತಿದ್ದ. ತಪಾಸಣೆ ಮುಗಿದ ಮೇಲೆ ಬಂದು ಇಳಿಸಿಕೊಂಡು ಹೋಗಬೇಕು ಎಂದು ಪ್ರತಿಯೊಬ್ಬರಿಗೂ ಎರಡೆರಡು ಸಲ ಹೇಳಿ, ಕೊನೆಗೊಂದು ಮಾತು ಸೇರಿಸುತ್ತಿದ್ದ: "ನಿಧಾನಕ್ಕೆ ಹೋಗಿ, ಏನೂ ಆಗಲ್ಲ."

ತಂಗಿಯ ಗಂಡ ಬೇಕರಿಯಿಂದ ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕುವವನು. ಅವನನ್ನು ನಾವೆಲ್ಲ ಭಾವ ಎಂದೇ ಕರೆಯುವುದು. ಬೈಕಿನ ಎರಡೂ ಕಡೆ ಕ್ರೇಟು ಕಟ್ಟಿಕೊಂಡು ಬೆಳಗಿನ ಜಾವಕ್ಕೇ ಹೊರಡುತ್ತಿದ್ದ. ಹೋದ ವರ್ಷ ಅವನ ತಪಾಸಣೆಯ ಸರದಿ ಬಂದಾಗ ಮೇಷ್ಟ್ರು ಅವನ ಹಿಂದಿನ ಟೈರಿಗೂ ಗೆರೆ ಕೊಯ್ದು, ನಲವತ್ತೆರಡು ತುಂಬಿ ಕಳಿಸಿದ. ಗಾಳಿ ಇಳಿಸಬೇಕೆಂದು ಅವನಿಗೆ ಮಾತ್ರ ಹೇಳಲಿಲ್ಲ. ಹೇಗೂ ರಾತ್ರಿ ಊಟಕ್ಕೆ ಹೋಗುತ್ತೇನೆ, ಅಂಗಳದಲ್ಲೇ ಇಳಿಸಿದರಾಯಿತು ಎಂದುಕೊಂಡಿದ್ದ. ಊಟಕ್ಕೆ ಹೋದ, ತಂಗಿಯ ಹೊಲಿಗೆ ಯಂತ್ರದ ಪಟ್ಟಿ ಕಿತ್ತುಹೋಗಿತ್ತು, ಅದನ್ನು ಸರಿಮಾಡಿ, ಉಂಡು, ಭಾವನ ಜೊತೆ ನಗಾಡಿ ಬಂದ. ಗಾಳಿಯ ನೆನಪಾಗಲಿಲ್ಲ. ಪರರಿಗೆ ಎರಡು ಸಲ ಹೇಳಿದ್ದನ್ನು ಮನೆಯವನಿಗೆ ಒಂದು ಸಲವೂ ಹೇಳಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಮೊದಲ ಮಳೆ. ನೀರಿನ ಟ್ಯಾಂಕಿನ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು. ಗಾಡಿ, ಕ್ರೇಟು, ಬ್ರೆಡ್ಡು, ಭಾವ ಎಲ್ಲವೂ ಒಟ್ಟಿಗೆ ಹೋಗಿ ಕಂಬಕ್ಕೆ ಬಡಿದವು. ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆಯಬೇಕಾಯಿತು.

ಆಸ್ಪತ್ರೆಯಲ್ಲಿ ಭಾವನಿಗೆ ಎಚ್ಚರವಾದಾಗ ಮೇಷ್ಟ್ರು ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತಿದ್ದ. ಭಾವ ಅವನನ್ನು ನೋಡಿ, "ಏಳಿ ಮೇಷ್ಟ್ರೇ, ನೆಲ ತಣ್ಣಗಿದೆ. ಇನ್ಮೇಲೆ ಚಪ್ಪಲಿ ಒಂದೇ ಸವೆಯುತ್ತೆ ಬಿಡಿ" ಎಂದ. ಅವನು ಬೈದಿದ್ದರೆ ಮೇಷ್ಟ್ರು ಬದುಕಿಕೊಳ್ಳುತ್ತಿದ್ದನೇನೋ.

ತಂಗಿ ಬೈಯಲಿಲ್ಲ, ನಗಲೂ ಇಲ್ಲ. ಆಸ್ಪತ್ರೆಯ ಮೊಗಸಾಲೆಯಲ್ಲಿ ಅಣ್ಣನನ್ನು ನಿಲ್ಲಿಸಿ ಕೇಳಿದಳು. ನಾನು ಪಕ್ಕದಲ್ಲಿದ್ದೆ.

"ಇಂಥವು ಇನ್ನೂ ಎಷ್ಟು ಕೊಯ್ದಿದ್ದೀಯ?"

ಅವನು ಬೆರಳು ಮಡಿಚಿ ಎಣಿಸತೊಡಗಿ, ನಡುವೆ ನಿಲ್ಲಿಸಿದ.

"ಇವ್ರದ್ದು ಕಾಲು ಹೋಯ್ತು. ಇನ್ನೊಬ್ರದ್ದು ಏನು ಹೋಗುತ್ತೆ? ಎಲ್ಲಾನೂ ತಂದು ನನ್ನ ಮುಂದೆ ಹಾಕು. ಒಂದೂ ಬಿಡಬೇಡ. ಅಲ್ಲಿವರೆಗೂ ನನ್ನ ಅಣ್ಣ ಅಂತ ಮನೆಗೆ ಬರಬೇಡ."

ಎಷ್ಟು ಎಂಬುದಕ್ಕೆ ಲೆಕ್ಕ ಇತ್ತು. ಕಾದ ಬ್ಲೇಡು ಒಂದು ಟೈರು ಮುಗಿಯುವಷ್ಟರಲ್ಲಿ ಮೊಂಡಾಗುತ್ತದೆ. ಟೈರಿನ ಅಂಗಡಿಯವನು ಚೂಪಾದ ಯಾವುದನ್ನೂ ಬೀದಿಗೆ ಎಸೆಯುವುದಿಲ್ಲ; ಅದು ಆ ಕೆಲಸದವರ ನಿಯಮ. ಎಸೆದ ಮೊಳೆ ಯಾರದೋ ಟೈರಿಗೆ ಚುಚ್ಚಿಕೊಂಡು ಬಂದರೆ ದುಡಿಮೆಗಾಗಿ ಎಸೆದ ಎಂದಾಗುತ್ತದೆ. ಹಾಗಾಗಿ ಮುಗಿದ ಬ್ಲೇಡುಗಳನ್ನು ಅವನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಡುತ್ತಿದ್ದ. ಅಂದು ಸಂಜೆ ಡಬ್ಬಿಯನ್ನು ಹಾಸಿಗೆಯ ಮೇಲೆ ಸುರಿದು ಎಣಿಸಿದೆವು. ಇಪ್ಪತ್ತಮೂರು. ಒಂದು ಭಾವನದು. ಬಾಕಿ ಇಪ್ಪತ್ತೆರಡು ಟೈರುಗಳು ಆ ಹೊತ್ತಿಗೆ ಎಲ್ಲೆಲ್ಲೋ ಓಡುತ್ತಿದ್ದವು, ಮೇಲೆ ಯಾರು ಯಾರನ್ನೋ ಕೂರಿಸಿಕೊಂಡು. ಹೊರಗೆ ಮಳೆ ಬರುತ್ತಿತ್ತು.

ಅವನನ್ನು ಸಮಾಧಾನ ಮಾಡಲು ನಾನು, ನಮ್ಮ ಪುಸ್ತಕಗಳಲ್ಲೂ ತಪ್ಪು ಉಳಿಯುತ್ತವೆ, ಆಮೇಲೆ ಕಂಡರೆ ಕೊನೆಯಲ್ಲಿ ತಪ್ಪು ಸರಿಗಳ ಪಟ್ಟಿಯ ಒಪ್ಪೋಲೆ ಅಂಟಿಸಿ ತಿದ್ದುತ್ತೇವೆ ಎಂದೆ. ಅವನು ಬ್ಲೇಡುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕುತ್ತ, "ನಿಮ್ಮ ಪುಸ್ತಕ ಓದ್ತಾ ಯಾರೂ ಸಾಯಲ್ಲ. ರಸ್ತೆ ಮೇಲೆ ನಾನೆಲ್ಲಿ ಅಂಟಿಸ್ಲಿ ಒಪ್ಪೋಲೆ?" ಎಂದ.

ಮಾರನೆಯ ದಿನದಿಂದ ಹುಡುಕಾಟ. ಗುರುತಿದ್ದ ಗಿರಾಕಿಗಳು ಮೊದಲು ಸಿಕ್ಕರು. ಅವರ ಟೈರು ಬಿಚ್ಚಿ, ತನ್ನಲ್ಲಿದ್ದ ಒಳ್ಳೆಯದನ್ನು ಹಾಕಿಕೊಡುತ್ತಿದ್ದ. ಸುಮ್ಮನೆ ಕೊಡುತ್ತಾನೆಂದರೆ ಜನಕ್ಕೆ ಅನುಮಾನ. "ಏನು ಮೇಷ್ಟ್ರೇ, ಹಳೇದ್ರಲ್ಲಿ ಚಿನ್ನ ಗಿನ್ನ ಇಟ್ಟಿದ್ರಾ?" ಎಂದ ಒಬ್ಬ ತರಕಾರಿಯವನು. ಮೇಷ್ಟ್ರು ಹೌದೆಂದು ತಲೆಯಾಡಿಸಿ ಟೈರು ಬಿಚ್ಚತೊಡಗಿದ. ಒಬ್ಬಾಕೆ, "ಇದ್ರಲ್ಲಿ ಎಂಟು ತಿಂಗಳಿಂದ ಮಗಳನ್ನ ಶಾಲೆಗೆ ಬಿಡ್ತಿದೀನಿ" ಎಂದು ನಿಧಾನವಾಗಿ ಹೇಳಿ, ಗಾಡಿಯನ್ನೇ ನೋಡುತ್ತ ಅದರಿಂದ ದೂರ ಸರಿದು ನಿಂತಳು. ಕೆಲವರು ಗಾಡಿ ಮಾರಿಬಿಟ್ಟಿದ್ದರು. ಕೊಂಡವರು ಮತ್ತೊಬ್ಬರಿಗೆ ಮಾರಿದ್ದರು. ಗುಜರಿಯಲ್ಲಿ ಬಿಸಾಡಿದ್ದ ಒಂದು ಟೈರು ಅಲ್ಲಿಂದ ಬೇರೊಂದು ಗಾಡಿಗೆ ಏರಿತ್ತು. ಇದನ್ನು ಕಂಡ ಮೇಲೆ ಅವನು ಯಾವ ಟೈರನ್ನೂ ಎಲ್ಲಿಯೂ ಬಿಟ್ಟು ಬರುತ್ತಿರಲಿಲ್ಲ, ಅರ್ಧ ಗಂಟೆಯ ಮಟ್ಟಿಗೂ.

ಸಿಕ್ಕಿದ್ದನ್ನೆಲ್ಲ ತಂಗಿಯ ಮನೆಯ ಗೇಟಿಗೆ ಒರಗಿಸಿ, ಬೀದಿಯ ತುದಿಗೆ ಹೋಗಿ ನಿಲ್ಲುತ್ತಿದ್ದ. ಅವನು ಅಷ್ಟು ದೂರ ಹೋಗುವವರೆಗೂ ಆಕೆ ಬಾಗಿಲು ತೆಗೆಯುತ್ತಿರಲಿಲ್ಲ. ಆಮೇಲೆ ಭಾವ ಸ್ಟೂಲಿನ ಮೇಲೆ ಕೂತು ಟೈರನ್ನು ಹಿಡಿದುಕೊಳ್ಳುತ್ತಿದ್ದ, ಆಕೆ ಕಬ್ಬಿಣ ಕೊಯ್ಯುವ ಗರಗಸದಿಂದ ಒಳಗಿನ ತಂತಿಯ ಸಮೇತ ಕೊಯ್ಯುತ್ತಿದ್ದಳು, ಯಾರೂ ಮತ್ತೆ ಹಾಕಿಕೊಳ್ಳದ ಹಾಗೆ. ಗರಗಸದ ಸದ್ದು ನಿಂತ ಮೇಲೆ ಅವನು ಅಂಗಡಿಗೆ ವಾಪಸಾಗುತ್ತಿದ್ದ. ಊಟಕ್ಕೆ ಬ್ರೆಡ್ಡು. ಬ್ರೆಡ್ಡನ್ನು ಯಾಕೆ ಆರಿಸಿಕೊಂಡ ಎಂದು ನಾನು ಕೇಳಲಿಲ್ಲ.

ಹದಿನೆಂಟನೆಯದನ್ನು ಹುಡುಕಿಕೊಂಡು ಹೋದಾಗ ನಾನೂ ಜೊತೆಗಿದ್ದೆ. ನಲ್ಲಿ ಕೆಲಸದವನೊಬ್ಬನ ಮನೆ. ಬಾಗಿಲ ಮುಂದೆ ಚಪ್ಪಲಿಗಳ ರಾಶಿ. ಒಳಗೆ ಹೆಂಗಸರು ಅಳುತ್ತಿದ್ದರು. ಅವನು ಸತ್ತು ಎರಡು ದಿನವಾಗಿತ್ತು. ಅಂಗಳದ ಗೋಡೆಗೆ ಬೈಕು ಒರಗಿತ್ತು, ಮುಂಭಾಗ ನಜ್ಜುಗುಜ್ಜು. ಹಿಂದಿನ ಚಕ್ರ ನೆಟ್ಟಗೇ ಇತ್ತು. ಅದರ ಮೇಲೆ ಕೊಕ್ಕೆಗಳ ಸಾಲು.

ಮೇಷ್ಟ್ರು ಸೀದಾ ಹೋಗಿ ಸತ್ತವನ ತಂದೆಯ ಮುಂದೆ ಕೂತ. "ಆ ಟೈರು ಕೊಯ್ದವನು ನಾನು" ಎಂದ.

ಮುದುಕರಿಗೆ ಅರ್ಥವಾಗಲಿಲ್ಲ. "ಟೈರೇನು ಮಾಡುತ್ತಪ್ಪಾ. ಲಾರಿ ಅಡ್ಡ ಬಂತಂತೆ. ಬ್ರೇಕ್ ಹಿಡಿದನಂತೆ, ಗಾಡಿ ನಿಲ್ಲಲಿಲ್ಲವಂತೆ. ಅವನ ಆಯಸ್ಸು ಅಷ್ಟೇ ಇತ್ತು."

"ನಿಲ್ಲಬೇಕಿತ್ತು" ಎಂದ ಮೇಷ್ಟ್ರು. "ಟೈರು ಸರಿ ಇದ್ದಿದ್ರೆ ನಿಲ್ತಿತ್ತೇನೋ."

"ಹೋಗ್ಲಿ ಬಿಡಪ್ಪ. ನೀನು ಯಾರೋ, ಬಂದು ನಮಗೋಸ್ಕರ ಅಳ್ತಿದ್ದೀಯ. ಆ ಗಾಡಿ ಬೇಕಾದ್ರೆ ತಗೊಂಡು ಹೋಗು, ನಮ್ಮ ಕಣ್ಣೆದುರು ಬೇಡ."

ಶಿಕ್ಷೆ ಕೇಳಲು ಹೋದವನಿಗೆ ಅವರು ಗಾಡಿ ಕೊಟ್ಟು ಕಳಿಸಿದರು. ಹಿಂದಿರುಗುವಾಗ ದಾರಿಯಲ್ಲಿ ಒಮ್ಮೆ ನಿಂತು, ಎದೆಯ ಎಡಗಡೆ ಅಂಗೈಯಿಟ್ಟುಕೊಂಡು, ಬೇಲಿಯ ಕಲ್ಲಿಗೆ ಒರಗಿದ. ನಾನು ಬಲವಂತವಾಗಿ ಡಾಕ್ಟರಮ್ಮನ ಬಳಿಗೆ ಕರೆದೊಯ್ದದ್ದು ಅಂದೇ. ಭಾರ ಎತ್ತಬಾರದು, ತಳ್ಳಬಾರದು, ಓಡಬಾರದು ಎಂದರು. ಅವನು ಎಲ್ಲದಕ್ಕೂ ಹೂಂ ಎಂದ. ಹೊರಗೆ ಬಂದು, "ಇನ್ನೂ ಐದಿವೆ" ಎಂದ.

ಐದರಲ್ಲಿ ನಾಲ್ಕು ಹೇಗೋ ಸಿಕ್ಕವು. ಅಷ್ಟರಲ್ಲಿ ಗೋಡೆಯ ಮೊಳೆಗಳೆಲ್ಲ ಬರಿದಾಗಿದ್ದವು. ಗಾಳಿ ತುಂಬುವ ಯಂತ್ರವನ್ನೂ ಮಾರಿ ಟೈರು ತಂದು ಹಾಕಿಕೊಟ್ಟಿದ್ದ. ಈಗ ಕಾಲಿನಿಂದ ಒತ್ತುವ ಪಂಪು ಮಾತ್ರ. ಕೊನೆಯದೊಂದು ಸಿಗಲಿಲ್ಲ. ಅದು ಮೊಟ್ಟಮೊದಲ ಟೈರು, ಏಳದೆ ಕೂತ ಆ ಮುದುಕನದು. ಮುದುಕ ಸತ್ತು, ಗಾಡಿ ಮೂರು ಕೈ ಬದಲಾಯಿಸಿತ್ತು. ಆಮೇಲೆ ಸುಳಿವಿಲ್ಲ.

ಆರು ತಿಂಗಳು ಹುಡುಕಿದ. ಬಸ್ ನಿಲ್ದಾಣದ ಗಾಡಿ ಸ್ಟ್ಯಾಂಡು, ಸಂತೆ, ಶಾಲೆಯ ಗೇಟು, ಆಸ್ಪತ್ರೆಯ ಹಿಂಭಾಗ, ಎಲ್ಲ ಕಡೆ ಬಗ್ಗಿ ಬಗ್ಗಿ ಹಿಂದಿನ ಚಕ್ರ ನೋಡುತ್ತಿದ್ದ. ಕಳ್ಳನೆಂದು ಎರಡು ಸಲ ಹೊಡೆಸಿಕೊಂಡ. ಸಂಜೆ ಮುದ್ರಣಾಲಯದ ಮುಂದೆ ನನಗಾಗಿ ಕಾಯುತ್ತ ನಿಂತಿದ್ದಾಗಲೂ ಅವನ ಕಣ್ಣು ಹೋಗುವ ಬರುವ ಚಕ್ರಗಳ ಮೇಲೇ. ನಾನು ಒಂದು ದಿನ ಬೇಸತ್ತು, "ಅಷ್ಟು ಹಳೇದು, ಹರಿದು ಹೋಗಿರುತ್ತೆ ಮಾರಾಯ. ಬಿಟ್ಟುಬಿಡು" ಎಂದೆ.

"ಹರಿದಾಗ ಅದ್ರ ಮೇಲೆ ಯಾರಿದ್ರು ಅಂತ ಗೊತ್ತಾಗ್ಬೇಕಲ್ಲ" ಎಂದ.

ಈ ವರ್ಷದ ಮೊದಲ ಮಳೆಗೆ ಮುನ್ನ ಸಿಕ್ಕೇಬಿಡಬೇಕು ಎಂದು ಅವನು ಗಡುವು ಹಾಕಿಕೊಂಡಿದ್ದ. ಸಿಗಲಿಲ್ಲ. ಮಳೆ ಬಂತು. ಆ ರಾತ್ರಿ ಅವನು ಅತ್ತದ್ದನ್ನು ಮಾರನೆಯ ದಿನ ಕ್ಷೌರಿಕ ನನಗೆ ಹೇಳಿದ. ಆದರೆ ಮಳೆಯೇ ದಾರಿ ತೋರಿಸಿತು. ಎರಡು ದಿನ ಬಿಟ್ಟು, ಇಟ್ಟಿಗೆ ಗೂಡಿನ ಆಚೆಯ ಮಣ್ಣಿನ ರಸ್ತೆಯಲ್ಲಿ ಒಬ್ಬರ ಪಂಕ್ಚರಿಗೆಂದು ಹೋದವನು ಕೆಸರಿನಲ್ಲಿ ಒಂದು ಗಾಡಿಯ ಗುರುತು ಕಂಡ. ನಡುವೆ ಸಾಲಾಗಿ ಪುಟ್ಟ ಪುಟ್ಟ ಕೊಕ್ಕೆಗಳು.

ಮುಂದಿನದು ನನಗೆ ಗೊತ್ತಿರುವುದು ಮೀಟರು ಓದುವಾಕೆಯಿಂದ. ಮನೆ ಮನೆಗೆ ಹೋಗಿ ಕರೆಂಟಿನ ಮೀಟರು ಬರೆದುಕೊಳ್ಳುವ ಹೆಂಗಸು. ಅವನು ಆ ಗುರುತು ಹಿಡಿದು ಅವಳ ಮನೆಯ ಅಂಗಳಕ್ಕೇ ಬಂದಿದ್ದ. ನಾನು ಆಮೇಲೆ ಅವಳನ್ನು ನೋಡಲು ಹೋದಾಗ ಒಂದೊಂದು ಮಾತನ್ನೂ ಹೇಳಿದಳು. ಊಟದ ಹೊತ್ತು ಮುಗಿದಿತ್ತಂತೆ. ಅವಳು ಸಂಜೆಯ ಸುತ್ತಿಗೆ ಹೊರಡುವುದರಲ್ಲಿದ್ದಳು. ಮೋಡ ಕವಿದಿತ್ತು.

"ಅಮ್ಮಾ, ಈ ಚಕ್ರ ನನಗೆ ಕೊಡಬೇಕು. ನನ್ನ ಗಾಡೀದು ಹಾಕ್ಕೊಡ್ತೀನಿ. ಎರಡೂ ಒಂದೇ ಕಂಪನಿ, ಸರಿಯಾಗಿ ಕೂರುತ್ತೆ."

"ಏನಣ್ಣಾ, ಬೆಳಗ್ಗೆಯಿಂದ ನಾನೇ ಸಿಕ್ಕಿದ್ನಾ ನಿಮಗೆ ತಮಾಷೆ ಮಾಡೋಕೆ?"

ಅವನು ಅವಳ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಗೆರೆಯನ್ನು ಎರಡು ಹೆಬ್ಬೆರಳುಗಳಿಂದ ಬಿಡಿಸಿ ತೋರಿಸಿದನಂತೆ. ಒಳಗೆ ಬಿಳಿಯ ನೂಲು ಕಾಣುತ್ತಿತ್ತು.

"ತಿರುವಲ್ಲಿ ಗಾಡಿ ನಿಮ್ಮ ಮಾತು ಕೇಳುತ್ತಾ?"

"ಇಲ್ಲಣ್ಣ. ಮೊದ್ಲು ಹಠ ಮಾಡಿ ಆಮೇಲೆ ಬೀಳಿಸೋಕೆ ನೋಡುತ್ತೆ. ನನಗೆ ಓಡಿಸೋಕೆ ಬರಲ್ಲ ಅಂತ ನಮ್ಮನೆಯವ್ರು ಬೈತಾರೆ."

"ನಿಮಗೆ ಬರುತ್ತೆ. ತಪ್ಪು ನಿಮ್ಮದಲ್ಲ, ನನ್ನದು."

ಅರ್ಧ ಗಂಟೆಯಲ್ಲಿ ಚಕ್ರಗಳನ್ನು ಅದಲುಬದಲು ಮಾಡಿದ. ತನ್ನ ಗಾಡಿಯ ಒಳ್ಳೆಯ ಚಕ್ರ ಅವಳಿಗೆ, ಅವಳದು ತನಗೆ. ಗಾಳಿಯ ಮೀಟರು ಇಟ್ಟು ಎರಡನ್ನೂ ನೋಡಿ, ಕಾಲು ಪಂಪಿನಿಂದ ಸರಿಮಾಡಿದ. ಅವಳ ಮುಂದಿನ ಟೈರಿಗೂ ಹಾಕಿದ. ಹದಿನೈದು ದಿನಕ್ಕೊಮ್ಮೆ, ಗಾಡಿ ತಣ್ಣಗಿರುವಾಗ ನೋಡಿಸಬೇಕೆಂದು ಎರಡು ಸಲ ಹೇಳಿದ. ಮಧ್ಯೆ ಮಧ್ಯೆ ಯಾರಿಗೋ ಫೋನು ಮಾಡುತ್ತಿದ್ದ, ಅವರು ಎತ್ತಲಿಲ್ಲ ಎಂದಳು.

ಅದು ನನಗೆ. ಮುದ್ರಣಾಲಯದ ಸಾಮಾನಿನ ಆಟೋ ತಗೊಂಡು ಬಾ ಎಂದು ಹೇಳಲು. ಮೂರು ಸಲ ಮಾಡಿದ್ದಾನೆ: ಎರಡು ಹತ್ತಕ್ಕೆ, ಎರಡು ಇಪ್ಪತ್ತೈದಕ್ಕೆ, ಎರಡು ನಲವತ್ತಕ್ಕೆ. ನನ್ನ ಫೋನು ಮೇಜಿನ ಖಾನೆಯೊಳಗೆ ಸದ್ದಿಲ್ಲದೆ ಬಿದ್ದಿತ್ತು. ನಾನು ಪಠ್ಯಪುಸ್ತಕವೊಂದರ ಕರಡಿನಲ್ಲಿ ಅಲ್ಪವಿರಾಮಗಳನ್ನು ತಿದ್ದುತ್ತಿದ್ದೆ. ಐದೂವರೆಗೆ ಖಾನೆ ತೆರೆದಾಗ ಕರೆಗಳನ್ನು ನೋಡಿ, ಸಂಜೆ ಹೇಗೂ ಸಿಗುತ್ತಾನಲ್ಲ ಎಂದುಕೊಂಡೆ. ಅವನು ಗಾಳಿಯ ವಿಷಯದಲ್ಲಿ ಅಂದುಕೊಂಡದ್ದೂ ಇದನ್ನೇ.

ಗಾಡಿಯನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ಅಲ್ಲೇ ಟೈರನ್ನು ಕೊಯ್ದು ಹಾಕಬಹುದಿತ್ತು. ಆದರೆ ಅದನ್ನು ತಂಗಿಯ ಮುಂದೆ ಹಾಕಬೇಕಿತ್ತು, ಇಡಿಯಾಗಿ, ಕೊನೆಯದನ್ನು. ಅರ್ಧ ಗಂಟೆಯ ಮಟ್ಟಿಗೂ ಎಲ್ಲಿಯೂ ಬಿಡುವಂತಿರಲಿಲ್ಲ. ಆ ರಸ್ತೆಗೆ ಬಸ್ಸು ಇಲ್ಲ. ಚಕ್ರ ಬಿಚ್ಚಿ ಹೆಗಲ ಮೇಲೆ ಹೊರುವುದಕ್ಕಿಂತ ಉರುಳಿಸಿಕೊಂಡು ಹೋಗುವುದೇ ಸುಲಭ ಎಂದು ಲೆಕ್ಕ ಹಾಕಿರಬೇಕು.

ಹಾಗಾದರೆ ಹತ್ತಿ ಓಡಿಸಿಕೊಂಡು ಬರಬಹುದಿತ್ತಲ್ಲ? ಮಳೆ ಇನ್ನೂ ಶುರುವಾಗಿರಲಿಲ್ಲ. ಗಾಳಿ ಸರಿಯಾಗಿತ್ತು. ಅವನಷ್ಟು ಟೈರಿನ ಗುಣ ಬಲ್ಲವರು ಊರಲ್ಲಿ ಇನ್ನೊಬ್ಬರಿರಲಿಲ್ಲ. ನಡಿಗೆಯ ವೇಗದಲ್ಲಿ ನೇರವಾಗಿ ಬಂದಿದ್ದರೆ ಬಹುಶಃ ಏನೂ ಆಗುತ್ತಿರಲಿಲ್ಲ. ಎಲ್ಲರೂ ಕೇಳುವುದು ಇದನ್ನೇ. ಇದಕ್ಕೆ ಉತ್ತರವನ್ನು ಮೀಟರು ಓದುವಾಕೆಯೇ ತನಗೆ ಗೊತ್ತಿಲ್ಲದೆ ಹೇಳಿದಳು.

"ಅವ್ರು ಹೊರಡುವಾಗ ನನಗೆ ಪಾಪ ಅನ್ನಿಸ್ತು. ಈ ಟೈರಲ್ಲಿ ಹೇಗೆ ಹೋಗ್ತೀರಣ್ಣ ಅಂತ ಕೇಳ್ದೆ. ನಾನೇ ಅಂದೆ, ನಿಧಾನಕ್ಕೆ ಹೋಗಿ ಅಣ್ಣಾ, ಏನೂ ಆಗಲ್ಲ ಅಂತ. ಅವ್ರು ನನ್ನ ಮುಖ ತುಂಬಾ ಹೊತ್ತು ನೋಡಿದ್ರು. ಆಮೇಲೆ ಹತ್ತೋಕೆ ಎತ್ತಿದ್ದ ಕಾಲು ಕೆಳಗಿಟ್ಟು, ತಳ್ಕೊಂಡು ಹೊರಟ್ರು. ನಾನು ಪೆಟ್ರೋಲ್ ಮುಗಿದಿರ್ಬೇಕು ಅಂದ್ಕೊಂಡೆ."

ಇಪ್ಪತ್ತೆರಡು ಜನರಿಗೆ ಅವನು ಹೇಳಿ ಕಳಿಸಿದ ಮಾತು ಅದು. ಅದನ್ನು ನಂಬಿ ಹತ್ತಿದವರ ಪಟ್ಟಿಯಲ್ಲಿ ಇನ್ನೊಬ್ಬ ಸೇರುವುದು ಬೇಡವೆನ್ನಿಸಿರಬೇಕು, ತಾನೇ ಆದರೂ. ಒಂದು ವರ್ಷದಿಂದ ತಂಗಿಯಿಂದ ಅಣ್ಣಾ ಎಂದು ಕರೆಸಿಕೊಳ್ಳದವನಿಗೆ ಆ ಮಾತು ಅಣ್ಣಾ ಎನ್ನುವ ಬಾಯಿಂದಲೇ ಬಂದಿತ್ತು.

ಅಂಗಡಿಗೆ ಏಳು ಕಿಲೋಮೀಟರು. ನಾಲ್ಕು ದಾಟಿದ್ದ. ದಿಬ್ಬ ಹತ್ತಿ ಮುಗಿಸಿದ್ದ, ಮುಂದೆ ಇಳಿಜಾರೇ ಇತ್ತು.

ಗಾಡಿಯನ್ನು ನಾನು ಠಾಣೆಯಿಂದ ಸಾಮಾನಿನ ಆಟೋದಲ್ಲಿ ಹಾಕಿಸಿಕೊಂಡು ಬಂದೆ. ಹತ್ತು ದಿನ ಅದನ್ನು ಮುಟ್ಟಲಾಗಲಿಲ್ಲ. ಹನ್ನೊಂದನೆಯ ದಿನ ಅಂಚೆಯವನ ನೆರವಿನಿಂದ ಹಿಂದಿನ ಚಕ್ರ ಬಿಚ್ಚಿ, ಅವನ ಸಲಕರಣೆ ಚೀಲವನ್ನೂ ಹಿಡಿದು, ತಂಗಿಯ ಮನೆಗೆ ಹೋದೆ. ಗೇಟಿಗೆ ಒರಗಿಸಿ ಬೀದಿಯ ತುದಿಗೆ ನಡೆಯತೊಡಗಿದ್ದೆ. ಬಾಗಿಲು ತೆರೆದ ಸದ್ದಾಯಿತು.

"ಒಳಗೆ ಬನ್ನಿ ಅಣ್ಣ" ಎಂದಳು. "ನೀವೂ ಅಲ್ಲಿ ಹೋಗಿ ನಿಲ್ಲಬೇಡಿ."

ಅಂಗಳದ ಮೂಲೆಯಲ್ಲಿ ಕೊಯ್ದ ಟೈರುಗಳು ಸೊಂಟದೆತ್ತರ ಬಿದ್ದಿದ್ದವು. ಭಾವ ಸ್ಟೂಲಿನ ಮೇಲೆ ಕೂತು ಚಕ್ರವನ್ನು ತೊಡೆಗೆ ಆನಿಸಿ ಹಿಡಿದುಕೊಂಡ. ಯಾವಾಗಲೂ ಏನಾದರೊಂದು ನಗೆಮಾತು ಆಡುವವನು ಅಂದು ಆಡಲಿಲ್ಲ. ಅವಳು ಟೈರಿನ ಮೇಲೆ ಕೈಯಾಡಿಸಿ, ಬೆರಳಿಗೆ ಸಿಕ್ಕ ಕೊಕ್ಕೆಯೊಂದನ್ನು ಉಗುರಿನಿಂದ ಮುಟ್ಟಿ ನೋಡಿದಳು.

"ಗಾಳಿ ಎಷ್ಟಿದೆ ನೋಡಿ" ಎಂದಳು ನನಗೆ.

ಚೀಲದಿಂದ ಗಾಳಿಯ ಮೀಟರು ತೆಗೆದು ಇಟ್ಟೆ. ಮುಳ್ಳು ಇಪ್ಪತ್ತೇಳರ ಮೇಲೆ ನಿಂತಿತು. ಹನ್ನೊಂದು ದಿನದಲ್ಲಿ ಒಂದು ಇಳಿದಿದೆ, ಹಾಕಿದ್ದು ಇಪ್ಪತ್ತೆಂಟು ಎಂದೆ.

ಅವಳು ಬಾಗಿ ಮುಳ್ಳನ್ನು ತಾನೇ ನೋಡಿದಳು. "ಸರಿಯಾಗೇ ಹಾಕಿದ್ದಾನೆ" ಎಂದಳು ಆಮೇಲೆ.

ಭಾವ ಗರಗಸವನ್ನು ಅವಳ ಕಡೆ ಚಾಚಿದ. ಅವಳು ತೆಗೆದುಕೊಳ್ಳಲಿಲ್ಲ. ನೆಲದ ಮೇಲೆ ಕೂತು, ಟ್ಯೂಬಿನ ಬಾಯಿಯ ಪಿನ್ನನ್ನು ಹೆಬ್ಬೆರಳಿನ ಉಗುರಿನಿಂದ ಒತ್ತಿ ಹಿಡಿದಳು. ಗಾಳಿ ಸುಯ್ಯೆಂದು ಹೊರಬರತೊಡಗಿತು. ಮೇಷ್ಟ್ರು ಕಾಲು ಪಂಪಿನಿಂದ ತುಂಬಿದ ಕೊನೆಯ ಗಾಳಿ ಅದು. "ಕೈ ನೋಯುತ್ತೆ, ಕಡ್ಡಿ ಕೊಡ್ತೀನಿ ಇರು" ಎಂದ ಭಾವ. ಅವಳು ಬೇಡವೆಂದು ತಲೆಯಾಡಿಸಿದಳು. ಉಗುರಿನ ಅಂಚು ಬೆಳ್ಳಗಾಗಿತ್ತು. ಸದ್ದು ಸಣ್ಣದಾಗುತ್ತ ಹೋಗಿ ನಿಂತಿತು. ಟೈರಿನ ಪಕ್ಕೆ ಭಾವನ ತೊಡೆಯ ಮೇಲೆ ಮೆತ್ತಗೆ ಮಡಿಚಿಕೊಂಡಿತು.

ಅವಳು ಕಣ್ಣೊರೆಸಿಕೊಂಡು ಗರಗಸಕ್ಕೆ ಕೈ ಚಾಚಿದಳು. "ಇಪ್ಪತ್ತಮೂರು, ಅಣ್ಣ" ಎಂದಳು. ನಾನು ಚಕ್ರದ ಇನ್ನೊಂದು ಬದಿಯನ್ನು ಹಿಡಿದುಕೊಂಡೆ. ಅವಳು ಹೇಳಿದ್ದು ನನಗಲ್ಲ.